ರೊಟ್ಟಿ ಬಡಿಯುತ್ತ ಪವರ್ ಸಿಸ್ಟಮ್ ಓದಿದ ಅತ್ತೆ

ನಮ್ಮ ಅತ್ತೆಯವರು ಎಲೆಕ್ಟ್ರಿಕಲ್ ಇಂಜಿನಿಯರ್ ಅಲ್ಲ. ಆದರೆ ಈ ಮಾತನ್ನು ಅವರ ಎದುರು ನಿಂತು ಹೇಳುವ ಧೈರ್ಯ ಇಡೀ ಶಹಾಪುರದಲ್ಲಿ ಯಾರಿಗೂ ಇಲ್ಲ. ನನಗಂತೂ ಇಲ್ಲವೇ ಇಲ್ಲ, ಪದವಿ ನನ್ನದೇ ಆದರೂ!

ಪದವಿ ಎಂದೆನೇ? ಆಗ ಅದಿನ್ನೂ ಪೂರ್ತಿ ನನ್ನದಾಗಿರಲಿಲ್ಲ. ಪವರ್ ಸಿಸ್ಟಮ್ ಅನಾಲಿಸಿಸ್ ಎಂಬ ಒಂದೇ ಒಂದು ಪೇಪರನ್ನು ಬಾಕಿ ಇಟ್ಟುಕೊಂಡು ನಾನು ಈ ಮನೆಯ ಹೊಸ್ತಿಲು ದಾಟಿದ್ದೆ. ಊರೂರಿಗೆ ಹೋಗುವ ವಿದ್ಯುತ್ತು ತಂತಿಗಳಲ್ಲಿ ಹೇಗೆ ಹರಿಯುತ್ತದೆ, ಎಲ್ಲಿ ಕಡಿಮೆ ಬೀಳುತ್ತದೆ, ಎಲ್ಲಿ ಕೆಡುತ್ತದೆ ಎಂದು ಲೆಕ್ಕ ಹಾಕುವ ವಿದ್ಯೆ ಅದು. ಕಡೇಚೂರಿನ ಕಾರ್ಖಾನೆಯೊಂದರವರು ನನಗೆ ಕೆಲಸ ಕೊಡಲು ಒಪ್ಪಿದ್ದರು, ಪದವಿ ಕೈಗೆ ಬಂದರೆ ಮಾತ್ರ. ಕಾಲೇಜಿನವರೋ ಇದೇ ಕೊನೆಯ ಅವಕಾಶ ಎಂದಿದ್ದರು. ನಾನು ಆಸೆ ಬಿಟ್ಟು ಸೌಟು ಹಿಡಿದಿದ್ದೆ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅತ್ತೆ ಕೆಂಡಾಮಂಡಲವಾದರು.

"ಒಂದ ಪೇಪರ್ ಬಿಟ್ಟು ಬಂದೀದಿ? ಹಂಚಿನ ಮ್ಯಾಲೆ ರೊಟ್ಟಿ ಬಿಟ್ಟು ಯಾರರೆ ಎದ್ದು ಹೋಗ್ತಾರೇನು? ತಗೊಂಬಾ ಆ ಪುಸ್ತಕ!"

ಅಂದಿನಿಂದ ದಿನಾ ಬೆಳಿಗ್ಗೆ ಅವರು ರೊಟ್ಟಿ ಬಡಿಯುವುದು, ನಾನು ಪಕ್ಕದಲ್ಲಿ ಕೂತು ಪುಸ್ತಕ ಓದಿ ಕನ್ನಡದಲ್ಲಿ ಹೇಳುವುದು. ತಿಳಿಯದಿದ್ದರೆ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. ತಿಳಿದರೆ ಇನ್ನೂ ಕಷ್ಟ, ಕೂಡಲೇ ಜಾರಿಗೆ ತಂದುಬಿಡುತ್ತಿದ್ದರು!

ಮೊದಲು ಬಂದದ್ದು ಪರ್ ಯೂನಿಟ್ ಪದ್ಧತಿ. ಯಾವುದಾದರೊಂದನ್ನು ಅಳತೆಯ ಮೂಲವೆಂದು ಹಿಡಿದು, ಉಳಿದದ್ದೆಲ್ಲ ಅದರ ಎಷ್ಟು ಪಾಲು ಎಂದು ಹೇಳುವ ಕ್ರಮ. ಅತ್ತೆ ನಮ್ಮ ಮಾವನವರ ಹಸಿವನ್ನು ಒಂದು ಎಂದು ಹಿಡಿದರು. ನನ್ನ ಗಂಡ ಮುಕ್ಕಾಲು. ಸುರಪುರದ ಬೀಗರು ಬೈಕಿನಲ್ಲಿ ಬಂದರೆ ಒಂದೂಕಾಲು, ಬಸ್ಸಿನಲ್ಲಿ ನಿಂತು ಬಂದರೆ ಒಂದೂವರೆ! ಪಕ್ಕದ ಮನೆಯ ಖಾಲಾ ಕುತೂಹಲ ತಡೆಯದೆ ತನ್ನ ಗಂಡನ ಲೆಕ್ಕ ಕೇಳಿದಳು: "ಹಮಾರೇ ಘರ್‌ವಾಲೇ ಕಿತ್ತೇ, ಆಪಾ?"

"ನಿಮ್ಮವರು ಎರಡಕ್ಕ ಕಾಲು ಕಡಿಮಿ," ಎಂದರು ಅತ್ತೆ.

ಖಾಲಾ ಅದನ್ನು ಹೆಮ್ಮೆಯಿಂದ ಓಣಿಗೆಲ್ಲ ಹೇಳಿಕೊಂಡು ಬಂದಳು. ನಮ್ಮ ಮಾವನವರಿಗೆ ಮಾತ್ರ ಇದು ಮರ್ಯಾದೆಯ ಪ್ರಶ್ನೆಯಾಯಿತು. ಮಾರನೆಯ ದಿನದಿಂದ ಹಟಕ್ಕೆ ಬಿದ್ದು ಹೆಚ್ಚು ಹೆಚ್ಚು ತಿಂದು, ಅಳತೆಯ ಮೂಲವನ್ನೇ ಕೆಡಿಸಿಬಿಟ್ಟರು.

ಆಮೇಲೆ ಲೋಡ್ ಫ್ಲೋ. ಅಲ್ಲಿ ಉತ್ತರ ನೇರವಾಗಿ ಸಿಗುವುದಿಲ್ಲ. ಏನೋ ಒಂದು ಊಹೆ ಮಾಡಿ ಲೆಕ್ಕ ಹಾಕಬೇಕು, ಬಂದ ಉತ್ತರವನ್ನು ಮತ್ತೆ ಅದೇ ಲೆಕ್ಕಕ್ಕೆ ಹಾಕಬೇಕು, ಹಿಂದಿನದಕ್ಕೂ ಈಗಿನದಕ್ಕೂ ವ್ಯತ್ಯಾಸ ಕಾಣದಂತಾಗುವ ತನಕ ಬಿಡಬಾರದು. ಅತ್ತೆ ಇದನ್ನು ಬೇಳೆ ಸಾರಿನ ಉಪ್ಪಿಗೆ ಹಚ್ಚಿದರು. ಚಿಟಿಕೆ ಉಪ್ಪು, ಒಂದು ಬಟ್ಟಲು ರುಚಿ. ಹೆಚ್ಚಾಯಿತೆಂದು ನೀರು, ಮತ್ತೊಂದು ಬಟ್ಟಲು ರುಚಿ. ಕಡಿಮೆಯಾಯಿತೆಂದು ಉಪ್ಪು, ಮಗದೊಂದು ಬಟ್ಟಲು!

"ಬಂತು ನೋಡು! ಈಗ ಹಿಂದಿಂದಕ್ಕ ಇದಕ್ಕ ಫರಕ್ ಇಲ್ಲ!" ಎಂದು ಅವರು ಕೂಗಿದಾಗ ಪಾತ್ರೆಯ ತಳ ಕಾಣುತ್ತಿತ್ತು. ಆ ದಿನ ನಾವೆಲ್ಲ ಸರಿಯಾದ ಉತ್ತರ ಸಿಕ್ಕ ಸಂತೋಷದಲ್ಲಿ ಚಟ್ನಿಪುಡಿ ಹಚ್ಚಿಕೊಂಡು ರೊಟ್ಟಿ ತಿಂದೆವು.

ಮೂರನೆಯದು ಇನ್ನೂ ಘೋರ. ವ್ಯವಸ್ಥೆಯಲ್ಲಿ ಎಲ್ಲಿ ದೋಷ ಬರಬಹುದು, ಬಂದರೆ ಯಾವ ಬ್ರೇಕರ್ ಬಿದ್ದು ಆ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಕಾಪಾಡಬೇಕು ಎಂಬ ಪಾಠ. ಅದೇ ವಾರ ಸುರಪುರದಲ್ಲಿ ಬಸುರಿ ನಾದಿನಿಗೆ ಕುಬಸದ ಕಾರ್ಯ. ಅವಳ ವಾರಗಿತ್ತಿಯರಿಬ್ಬರಿಗೆ ಎಣ್ಣೆ ಸೀಗೆಕಾಯಿ! ಅತ್ತೆ ಹೋದವರೇ ಮನೆಯ ಬಾಗಿಲುಗಳನ್ನೆಲ್ಲ ಪರೀಕ್ಷಿಸಿ ಬಂದರು. ಬಸುರಿಗೆ ಉಡಿ ತುಂಬುವ ಹೊತ್ತಿಗೆ ಒಳಗಿನ ಕೋಣೆಯಲ್ಲಿ ವಾರಗಿತ್ತಿಯರ ದನಿ ಏರಿತು. ಅತ್ತೆ ಹೋಗಿ ಧಡ್ ಎಂದು ಬಾಗಿಲು ಎಳೆದು ಚಿಲಕ ಹಾಕಿದರು. ಹೊರಗೆ ಕಾರ್ಯಕ್ರಮ ಸುಸೂತ್ರವಾಗಿ ನಡೆಯಿತು. ಊಟವಾದ ಮೇಲೆ ಚಿಲಕ ತೆಗೆದಾಗ ಮೊದಲು ಹೊರಬಂದವರು ನಮ್ಮ ಮಾವನವರು! ಪಾಪ, ಪ್ರಯಾಣದ ದಣಿವೆಂದು ಅದೇ ಕೋಣೆಯಲ್ಲಿ ಮಲಗಿದ್ದರಂತೆ.

"ನನ್ನ ಯಾಕ ಒಳಗ ಹಾಕಿದಿ?"

"ಬ್ರೇಕರ್ ಬೀಳೂ ಮುಂದ ಒಳಗ ಯಾರ್ಯಾರು ಅದಾರ ಅಂತ ನೋಡೂದಿಲ್ರಿ. ಪುಸ್ತಕದಾಗ ಹಂಗ ಅದ."

ನಗುನಗುತ್ತಲೇ ಪರೀಕ್ಷೆ ಹತ್ತಿರ ಬಂತು. ಯಾದಗಿರಿಗೆ ಹೋಗಿ ಬರೆಯಬೇಕಾದ ದಿನದ ಹಿಂದಿನ ದಿನ ಅತ್ತೆ ನನ್ನನ್ನು ಹಿಡಿದರು. "ಯಾವುದೋ ಒಂದು ನೀ ಹಾರಿಸಿ ಓದಾಕತ್ತೀದಿ. ಏನದು?"

ಅದು ಸ್ಲ್ಯಾಕ್ ಬಸ್. ನನಗೆ ಎಂದೂ ಮನಸ್ಸಿಗೆ ಹತ್ತದ ವಿಷಯ. ತಡವರಿಸುತ್ತ ಹೇಳಿದೆ: "ತಂತಿ ಕೂಡೂ ಒಂದೊಂದು ಜಾಗಕ್ಕೂ ಬಸ್ ಅಂತಾರ್ರಿ ಅತ್ತಿ. ಎಲ್ಲಾ ಬಸ್ಸಿಗೂ ಇಷ್ಟು ಕೊಡಬೇಕು, ಇಷ್ಟು ತಗೋಬೇಕು ಅಂತ ಮದಲ ಗೊತ್ತು ಮಾಡ್ತಾರ. ಆದ್ರ ದಾರ್ಯಾಗ ಎಷ್ಟು ಹಾಳಾಗ್ತದ ಅಂತ ಲೆಕ್ಕ ಮುಗಿಯೂತನಕ ಗೊತ್ತಾಗೂದಿಲ್ಲ. ಅದಕ್ಕ ಒಂದಕ್ಕ ಮಾತ್ರ ಏನೂ ಗೊತ್ತು ಮಾಡೂದಿಲ್ಲ. ಕಡಿಮಿ ಬಿದ್ದದ್ದೆಲ್ಲಾ ಅದ ತುಂಬಬೇಕು."

ಅತ್ತೆಯ ಕೈ ಹಿಟ್ಟಿನ ಮೇಲೆ ನಿಂತಿತು.

"ಅಂದ್ರ ಒಲಿ ಮುಂದ ಕುಂತಾಕಿ," ಎಂದರು. "ಎಷ್ಟು ಮಂದಿ ಬರ್ತಾರ, ಎಷ್ಟು ರೊಟ್ಟಿ ಹರೀತಾವ ಅಂತ ಮದಲ ಯಾರಿಗಿ ಗೊತ್ತು? ಎಲ್ಲಾರ್ದೂ ಆದ ಮ್ಯಾಲೆ ತಣ್ಣಗಾದದ್ದು ಉಳಿದ್ರ ಅಕಿದು, ಇಲ್ಲಂದ್ರ ಇಲ್ಲ." ಆಮೇಲೆ ಹುಬ್ಬು ಗಂಟಿಕ್ಕಿದರು. "ಈ ಪುಸ್ತಕ ಬರದಾಂವ ಗಂಡಸ ಇರಬೇಕು. ಎಲ್ಲಾ ಒಬ್ಬಾಕಿ ಮ್ಯಾಲೆ ಹಾಕ್ಯಾನ!"

ನಾನು ಪಾಸಾದೆ. ಫಲಿತಾಂಶ ಬಂದ ದಿನ ಮನೆ ತುಂಬ ಬೀಗರು, ಪಡಸಾಲೆಯಿಂದ "ಇನ್ನೊಂದು ರೊಟ್ಟಿ ತರ್ರಿ" ಎಂಬ ಕೂಗು. ಒಲೆಯ ಮುಂದೆ ಅತ್ತೆ ಬೆವರುತ್ತಿದ್ದರು. ನಾನು ಸೆರಗು ಕಟ್ಟಿಕೊಂಡು ಹೋದೆ. "ಏಳ್ರಿ ಅತ್ತಿ, ಇವತ್ತು ಈ ಜಾಗದಾಗ ನಾ ಕೂಡ್ತೀನಿ."

ಅವರು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು. "ಬ್ಯಾಡ. ಈ ಜಾಗ ನಿನಗ ಬರಬಾರದಂತನ ಓದಿಸೀನಿ."

ಹಂಚಿನ ಮೇಲೆ ಉಬ್ಬಿದ್ದ ರೊಟ್ಟಿಯನ್ನು ಎತ್ತಿ, ಬೆಣ್ಣೆ ಸವರಿ, ಒಂದು ತುತ್ತು ಮುರಿದು ಅವರ ಬಾಯಿಗಿಟ್ಟೆ. ಬೇಡವೆನ್ನಲು ಬಾಯಿ ತೆರೆದವರು ಅಗಿಯಲೇಬೇಕಾಯಿತು. ಪಡಸಾಲೆಯವರು ಕೂಗುತ್ತಲೇ ಇದ್ದರು. ಅತ್ತೆ ಕಣ್ಣು ಮುಚ್ಚಿ ಅಗಿದರು, ನುಂಗಿದರು. ಆಮೇಲೆ, ಆ ರೊಟ್ಟಿಯನ್ನು ಬಡಿದವರು ಬೇರೆ ಯಾರೋ ಎಂಬಂತೆ ಅಚ್ಚರಿಯಿಂದ ಕೇಳಿದರು:

"ಬಿಸೀದು ಇಷ್ಟು ಮೆತ್ತಗಿರ್ತದೇನು?"