ಅತ್ತೆಯ ಬಾಣಲೆಗೆ ಪಾಲಿಶ್

"ಈ ಮನೇಲಿ ಇನ್ನು ಮಸಿ ಹಿಡಿದ ಪಾತ್ರೆ ಅಂತ ಒಂದೂ ಇರಕೂಡದು," ಎಂದು ಪಾಲಿಶ್ ಮೇಸ್ತ್ರಿ ರಜೆಯ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದ. ಕೇಳಿಸಿಕೊಳ್ಳಲು ಹೆಂಡತಿ ಮನೆಯಲ್ಲಿರಲಿಲ್ಲ, ತರಕಾರಿಗೆ ಹೋಗಿದ್ದಳು. ಅದಕ್ಕೇ ಅಷ್ಟು ಧೈರ್ಯ.

ಗ್ಯಾರೇಜಿನಲ್ಲಿ ಅವನು ಉಜ್ಜಿದ ಕಾರುಗಳ ಬಾನೆಟ್ಟು ನೋಡಿಕೊಂಡು ಗಿರಾಕಿಗಳು ಕ್ರಾಪು ತಿದ್ದಿಕೊಳ್ಳುತ್ತಿದ್ದರು. ಅಂಥ ಮಹಾನುಭಾವನ ಒಲೆಯ ಮೇಲೆ ಕಾಗೆಯನ್ನೂ ನಾಚಿಸುವ ಬಣ್ಣದ ಬೀಡು ಕಬ್ಬಿಣದ ಬಾಣಲೆ! ಅದು ಅತ್ತೆಯದು. ತಂಗಿಯ ಮನೆಗೆ ಹೋಗಿದ್ದ ಅತ್ತೆ ಅವತ್ತೇ ಸಂಜೆ ಬರುವವರಿದ್ದರು. ಬರುವಷ್ಟರಲ್ಲಿ ಬೆರಗುಗೊಳಿಸಬೇಕೆಂದು ಮೇಸ್ತ್ರಿ ಬಾಣಲೆಯನ್ನು ಗ್ಯಾರೇಜಿಗೆ ಒಯ್ದು, ತಂತಿಬ್ರಷ್ಷಿನ ಮಿಷನ್ನಿಗೆ ಹಿಡಿದ. ಕಪ್ಪೆಲ್ಲ ಪುಡಿಯಾಗಿ ಉದುರಿತು. ಬಾಣಲೆ ಬೆಳ್ಳಿಯಂತೆ ಹೊಳೆಯಿತು. ಅದನ್ನು ಮನೆಗೆ ತಂದು ಮತ್ತೆ ಒಲೆಯ ಮೇಲಿಟ್ಟ.

"ಇದು ಯಾರ ಮನೇದು ರೀ?" ಎಂದಳು ಹೆಂಡತಿ, ಚೀಲ ಇಳಿಸುತ್ತ.

"ನಿಮ್ಮಮ್ಮಂದೇ. ಗುರುತೇ ಸಿಗಲಿಲ್ಲ, ಅಲ್ವಾ?"

ಅವಳು ಬಾಣಲೆಯನ್ನು ಎತ್ತಿ ತಿರುಗಿಸಿ ನೋಡಿದಳು. "ಅದು ಮಸಿ ಅಲ್ಲ ರೀ. ಅಜ್ಜಿ ಕಾಲದಿಂದ ಎಣ್ಣೆ ಕುಡಿದು ಕುಡಿದು ಕೂತ ಕಪ್ಪು. ಅದಿದ್ರೇನೆ ತಳ ಹಿಡಿಯೋದಿಲ್ಲ. ಅಮ್ಮ ನಮಗೇ ಅದನ್ನ ಉಜ್ಜೋಕೆ ಬಿಡ್ತಿರಲಿಲ್ಲ."

ಮೇಸ್ತ್ರಿಗೆ ನಂಬಿಕೆ ಬರಲಿಲ್ಲ. ಬಾಣಲೆ ತೊಳೆದು ಬೋರಲು ಹಾಕಿ ಕಾಫಿ ಕುಡಿದು ಬರುವಷ್ಟರಲ್ಲಿ ಬೆಳ್ಳಿಯ ಮೇಲೆ ಕೆಂಪಗೆ ತುಕ್ಕು ಹೂ ಬಿಟ್ಟಿತ್ತು. ಅದನ್ನು ಕೆರೆದು ಮೊಟ್ಟೆ ಒಡೆದು ಹಾಕಿದ. ಮೊಟ್ಟೆ ಬಾಣಲೆಯನ್ನು ತಬ್ಬಿಕೊಂಡಿತು. ಸೌಟು ಬಾಗಿತೇ ಹೊರತು ಅದು ಮೇಲೇಳಲಿಲ್ಲ.

ಮೇಸ್ತ್ರಿ ಹೇಗೋ ಅದನ್ನು ಕೆರೆದು ತೆಗೆದ. ಅಜ್ಜಿಯಿಂದ ಅತ್ತೆಯವರೆಗೆ ಕುಡಿಸಿದ ಎಣ್ಣೆಯನ್ನೆಲ್ಲ ಒಂದೇ ಸಲಕ್ಕೆ ಕುಡಿಸಿಬಿಡೋಣವೆಂದು ಧಾರಾಳವಾಗಿ ಸುರಿದು, ಉರಿ ದೊಡ್ಡದು ಮಾಡಿದ. ಹೊಗೆ ಅಡುಗೆಮನೆ ತುಂಬಿ, ಪಡಸಾಲೆ ದಾಟಿ ಬೀದಿಗಿಳಿಯಿತು. ಆ ಹೊಗೆಯನ್ನು ಸೀಳಿಕೊಂಡು, ಕೈಯಲ್ಲಿ ಚೀಲ ಹಿಡಿದು, ಅತ್ತೆ ಒಳಗೆ ಬಂದರು.

"ಏನು ಸುಡ್ತಾ ಇದೀರಿ?"

"ಏನಿಲ್ಲ ಅತ್ತೆ, ಬಾಣಲೆಗೆ ಸ್ವಲ್ಪ ಎಣ್ಣೆ ಹಚ್ಚಿದೆ."

ಅತ್ತೆ ಒಲೆ ಆರಿಸಿದರು. ಬಾಣಲೆ ತಣ್ಣಗಾದ ಮೇಲೆ ಅದರ ಒಳಮೈಯನ್ನು ಬೆರಳಿಂದ ಮೆಲ್ಲಗೆ ಸವರಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮೇಸ್ತ್ರಿಗೆ.

"ಮೊದಲಿಂದ ಪಳಗಿಸ್ಬೇಕು," ಎಂದರು ಕೊನೆಗೆ. "ಕೂತ್ಕೊಳ್ಳಿ. ಬಟ್ಟೆ ತಗೊಳ್ಳಿ. ಎಣ್ಣೆ ಹಚ್ಚಿ, ಹಚ್ಚೇ ಇಲ್ಲ ಅನ್ನೋ ಹಾಗೆ ಒರೆಸಿ. ಕಾಯಿಸಿ, ಆರಿಸಿ. ಆಮೇಲೆ ಮತ್ತೆ ಹಚ್ಚಿ."

ಅಂದಿನಿಂದ ಗ್ಯಾರೇಜು ಮುಗಿಸಿ ಬಂದ ಮೇಸ್ತ್ರಿ ದಿನವೂ ಒಲೆಯ ಮುಂದೆ ಹಚ್ಚುತ್ತ, ಒರೆಸುತ್ತ ಬೆವರು ಸುರಿಸಿದ. ಒಂದು ಸಂಜೆ ಪಡಸಾಲೆಯಲ್ಲಿ ಅತ್ತೆ ತಂಗಿಯೊಂದಿಗೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಪಳಗಿತಾ ಅಂತೀಯಾ? ಬಾಣಲೆಗೆ ಇನ್ನೂ ಟೈಮ್ ಬೇಕು ಕಣೇ. ಅಳಿಯಂದಿರು ಮಾತ್ರ ಚೆನ್ನಾಗಿ ಪಳಗಿದಾರೆ. ಈಗ ಕರೀದೇ ಇದ್ರೂ ಅಡುಗೆಮನೆಗೆ ಬರ್ತಾರೆ."