ಕೊಪ್ಪಳಕ್ಕೆ ಹೋದ ವೇದಿಕೆ

ಓಬಳೆಪ್ಪ ಉಣ್ಣೆಯ ಕೋಟು ಹೊಲಿಯಲು ಹಾಕಿದ ದಿನವೇ ಅವನು ಡೆನ್ಮಾರ್ಕಿಗೆ ಹೊರಟ ಸುದ್ದಿ ಬೇವೂರಿಗೆಲ್ಲ ಗೊತ್ತಾಗಿಹೋಯಿತು. ಆ ಬಿಸಿಲೂರಿನಲ್ಲಿ ಉಣ್ಣೆ ಕೋಟು ಇನ್ಯಾತಕ್ಕೆ ಬೇಕು?

ಅದು ಎಂಬತ್ತೊಂದನೇ ಇಸವಿ, ಲೋಕವೆಲ್ಲ ಅಂಗವಿಕಲರ ವರ್ಷವೆಂದು ಸಾರಿದ್ದ ಕಾಲ. ಡೆನ್ಮಾರ್ಕಿನ ತರುಣರು ಬೇವೂರಿನ ಯುವಕ ಮಂಡಳದ ಜೊತೆ ಕೂಡಿ ಶಿಬಿರ ನಡೆಸುವುದು, ಅದಕ್ಕೂ ಮೊದಲು ಬೇವೂರಿನ ಮೂವರು ಅವರ ದೇಶ ನೋಡಿಬರುವುದು ಎಂದು ಮಾತಾಗಿತ್ತು. ಕರಾರು ಒಂದೇ: ಯೋಜನೆ ಹಾಕುವಾಗಲೇ ಅಂಗವಿಕಲ ತರುಣರು ಜೊತೆಗಿರಬೇಕು. ಆ ಯೋಜನೆ ಹಾಕಲು ಅತಿಥಿಗಳು ಬರುವ ದಿನ ಬಂತು. ಮೂವರಲ್ಲಿ ಒಬ್ಬ ತಾನೇ ಎಂಬುದರಲ್ಲಿ ಮಂಡಳದ ಕಾರ್ಯದರ್ಶಿ ಓಬಳೆಪ್ಪನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮಂಡಳದವನೇ ಆದ ಮದಾರಸಾಬನ ಟ್ರ್ಯಾಕ್ಟರಿನ ಟ್ರೇಲರಿಗೆ ಜಮಖಾನೆ ಹಾಸಿ, ಮಾವಿನೆಲೆ ಕಟ್ಟಿ ವೇದಿಕೆ ಮಾಡಿದ. ಪೋಲಿಯೋದಿಂದ ಎರಡೂ ಕಾಲು ಸೋತಿದ್ದ ದರ್ಜಿ ಯಮನೂರಮ್ಮ, ಅಂಧರ ಸಾಲೆಯಲ್ಲಿ ಇಂಗ್ಲಿಷ್ ಕಲಿತು ಬಂದಿದ್ದ ಪಕೀರಪ್ಪ ಮೊದಲಾದವರನ್ನು ಎತ್ತಿ ಕೂರಿಸಿ ಹಾರ ಹಾಕಿಸಿದ. ಶಿಬಿರದಲ್ಲಿ ಏನು ಮಾಡಬೇಕೆಂದು ತನಗೂ ಒಂದು ವಿಚಾರವಿದೆ ಎಂದು ಯಮನೂರಮ್ಮ ಬಾಯಿ ತೆರೆದರೆ, ಓಬಳೆಪ್ಪ ಅವಳ ಕೈಗೊಂದು ಬಾಳೆಹಣ್ಣು ಇಟ್ಟ.

"ನೀವು ಆರಾಮ ಕುಂದರ್ರಿ. ಮಾತಾಡೋದು ನನಗ ಬಿಡ್ರಿ."

ಅಷ್ಟರಲ್ಲಿ ಅಂಚೆ ಕಚೇರಿಗೆ ಫೋನು ಬಂತು. ಕೊಪ್ಪಳ ಸ್ಟೇಷನ್ ಮಾಸ್ತರರು ಮಾತಾಡುತ್ತಿದ್ದರು. ಅತಿಥಿಗಳು ಇಳಿದಿದ್ದಾರೆ, ಆದರೆ ಅವರ ಮುಖಂಡೆ ಗಾಲಿಕುರ್ಚಿಯ ಹುಡುಗಿ, ಬಸ್ಸಿನ ಬಾಗಿಲಲ್ಲಿ ಕುರ್ಚಿ ಹಿಡಿಸುತ್ತಿಲ್ಲ, ಸಂಜೆಯ ಗಾಡಿಗೆ ಅವರು ವಾಪಸ್ ಹೋಗಲೇಬೇಕು. ಆ ಕಾಲದ ಫೋನಿನಲ್ಲಿ ಮಾತಾಡುವುದೆಂದರೆ ಕೊಪ್ಪಳಕ್ಕೆ ನೇರವಾಗಿ ಕೇಳುವಂತೆ ಒದರುವುದು. ಅವರನ್ನು ಅಲ್ಲೇ ಕೂರಿಸಿರಿ, ನಾನು ಜೀಪು ತರುತ್ತೇನೆ ಎಂದು ಓಬಳೆಪ್ಪ ಒದರಿದ್ದು ಊರ ಅಗಸೆ ಬಾಗಿಲವರೆಗೂ ಕೇಳಿಸಿತು.

ಕೋಟು ತೊಟ್ಟೇ ಸೈಕಲ್ ತುಳಿದು ಜೀಪು ಕೇಳಲು ಯಲಬುರ್ಗಾ ಸೇರಿದ. ಜೀಪಿನ ಮಾಲೀಕರು ಊಟಕ್ಕೆ ಕೂತಿದ್ದರು. ಉಂಡರು, ಎಲೆಯಡಿಕೆ ಹಾಕಿದರು, ಸಭೆಯಲ್ಲಿ ತಮಗೂ ಒಂದು ಭಾಷಣ ಕೊಡುವುದಾದರೆ ಮಾತ್ರ ಜೀಪು ಎಂದರು. ಓಬಳೆಪ್ಪ ಒಪ್ಪಿದ. ನೂಕಿದರೆ ಮಾತ್ರ ಚಾಲೂ ಆಗುವ ಜೀಪು ಅದು, ನೂಕಿದ. ಹಾರ ತೆಗೆದುಕೊಂಡು ಹೋಗೋಣವೆಂದು ಬೇವೂರಿಗೆ ಬಂದರೆ ಚಪ್ಪರವಿತ್ತು, ಮೈಕಿತ್ತು, ಜನ ಸಾಲಾಗಿ ಕೂತಿದ್ದರು. ಅವರೆದುರು ವೇದಿಕೆಯೇ ಇರಲಿಲ್ಲ.

"ವೇದಿಕಿ ಕೊಪ್ಪಳಕ್ಕ ಹೋಗೇತಿ," ಎಂದಳು ಮಹಿಳಾ ಮಂಡಳದ ವಿರೂಪಾಕ್ಷಮ್ಮ, ಬಸ್ಸು ಹೋಯಿತು ಎಂಬಷ್ಟೇ ಸಮಾಧಾನದಿಂದ.

"ಯಾರನ್ನ ಕೇಳಿ ಒಯ್ದ್ರಬೇ?"

"ನೀ ಫೋನಿನ್ಯಾಗ ಒದರಿದ್ದು ಯಮನೂರಮ್ಮಗ ಕೇಳ್ತು. ಆಕಿ ಮದಾರಸಾಬನ್ನ ಕೇಳಿದ್ಲು."

ಓಬಳೆಪ್ಪ ಜೀಪು ತಿರುಗಿಸಿದ. ಅರ್ಧ ದಾರಿಯಲ್ಲಿ ಅದು ನಿಂತೇಬಿಟ್ಟಿತು. ಎಷ್ಟು ನೂಕಿದರೂ ಕೆಮ್ಮಿತೇ ಹೊರತು ಹೊರಡಲಿಲ್ಲ. ಹೊತ್ತು ಇಳಿಯುವಾಗ ದೂರದಿಂದ ಟ್ರ್ಯಾಕ್ಟರಿನ ಸದ್ದು, ಅದರ ಮೇಲೊಂದು ಹಾಡು ಕೇಳಿಸಿತು. ಮಾವಿನೆಲೆಯ ವೇದಿಕೆ ಹಾಡುತ್ತ ಬರುತ್ತಿತ್ತು. ಕಾರ್ಯದರ್ಶಿಯನ್ನು ರಟ್ಟೆ ಹಿಡಿದು ಎತ್ತಿ ಕೂರಿಸಿಕೊಂಡರು.

ಸ್ಟೇಷನ್ನಿನ ಸಾಮಾನು ಇಳಿಸುವ ಕಟ್ಟೆಯೂ ಟ್ರೇಲರೂ ಒಂದೇ ಮಟ್ಟಕ್ಕಿದ್ದವಂತೆ. ಗಾಲಿಕುರ್ಚಿಯನ್ನು ಯಾರೂ ಎತ್ತಲಿಲ್ಲ, ಅದು ತಾನಾಗಿ ಉರುಳಿ ವೇದಿಕೆಯ ಮೇಲೆ ಬಂತಂತೆ. ಇದನ್ನೇ ತೋರಿಸಿ ಯಮನೂರಮ್ಮ ಅತಿಥಿಗಳಿಗೆ ತನ್ನ ವಿಚಾರ ಹೇಳಿದಳು: ಶಿಬಿರದವರೆಲ್ಲ ಸೇರಿ ಸಾಲೆಗೆ, ದವಾಖಾನೆಗೆ, ಬಸ್ ನಿಲ್ಲುವಲ್ಲಿಗೆ ಹೀಗೆ ಗಾಲಿ ಉರುಳುವ ಇಳಿಜಾರು ಕಟ್ಟೆ ಕಟ್ಟಬೇಕು. ಪಕೀರಪ್ಪ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಆ ಹುಡುಗಿ ಯಮನೂರಮ್ಮನ ಕೈ ಹಿಡಿದು ಕುಲುಕಿದಳು, ಯೋಜನೆ ಗಟ್ಟಿಯಾಯಿತು, ಅತಿಥಿಗಳು ಸಂಜೆಯ ಗಾಡಿಗೆಂದು ಅಲ್ಲೇ ಉಳಿದರು. ಚಿಕ್ಕಂದಿನಿಂದ ಇನ್ನೊಬ್ಬರ ಹೆಗಲ ಮೇಲೆ ಊರು ನೋಡಿದ ಯಮನೂರಮ್ಮನ ಮುಖ ಆ ಸಂಜೆ ನೋಡಬೇಕಿತ್ತು.

ಓಬಳೆಪ್ಪ ಕೋಟಿನ ಕಾಲರು ಸರಿಮಾಡಿಕೊಂಡ. "ಡೆನ್ಮಾರ್ಕಿಗೆ ಯಾರ್ಯಾರು?"

"ನಾನು, ಮತ್ತ ಪಕೀರಪ್ಪ," ಎಂದಳು ಯಮನೂರಮ್ಮ.

"ಮೂರನೇದವರು?"

"ನಿಮ್ಮ ಹೆಸರು ಬಾಯಿತನಕಾ ಬಂದಿತ್ರಿ ಓಬಳಣ್ಣ. ಆದ್ರ ಯಾರನ್ನೂ ಕೇಳದಂಗ ಅವರ ಪರವಾಗಿ ಏನೂ ಠರಾವು ಮಾಡಬಾರದು ಅಂತ ಸ್ಟೇಷನ್ನಿನ್ಯಾಗ ಮೊದಲಿಗೇ ಮಾತಾಗಿತ್ತು. ನೀವು ಅಲ್ಲಿರಲಿಲ್ಲ. ಮದಾರಸಾಬ ಇದ್ದ. ಕೇಳಿದ್ವಿ, ಹೂಂ ಅಂದ."

ಮದಾರಸಾಬ ಟ್ರ್ಯಾಕ್ಟರಿನ ಮೇಲಿಂದ ಹಿಂತಿರುಗಿ ನೋಡಿ ನಾಚಿಕೊಂಡ. ಅವನ ಹೆಗಲನ್ನೂ ಓಬಳೆಪ್ಪನ ತೋಳನ್ನೂ ಯಮನೂರಮ್ಮ ದರ್ಜಿಯ ಕಣ್ಣಿನಿಂದ ಅಳೆದಳು.

"ಈ ಕೋಟಿನ ತೋಳು ಒಂದೀಟು ಉದ್ದ ಬಿಟ್ರ ಅವಂಗ ಸರಿಯಾಗಿ ಹಿಡಸ್ತೈತಿ. ಅಲ್ಲಿ ಭಾಳ ಥಂಡಿ ಅಂತ. ನಿಮ್ಮನ್ನ ಕೇಳೇ ತಗೋತೀನ್ರಿ ಮತ್ತ. ಕೊಡ್ತೀರಿಲ್ಲೋ?"

ಟ್ರೇಲರೆಲ್ಲ ಅವನ ಉತ್ತರಕ್ಕೆ ಕಾದು ಕೂತಿತು. ಓಬಳೆಪ್ಪ ಒಂದೊಂದೇ ಗುಂಡಿ ಬಿಚ್ಚತೊಡಗಿದ.