ಮಡಚುವ ಪಿಯಾನೊಗೆ ಸರ್ವೆ ನಂಬರು

ಅಳತೆಯಲ್ಲಿ ನಾನು ತಪ್ಪುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಪ್ಪತ್ತಾರು ವರ್ಷದಿಂದ ಸರ್ವೆಯರ್ ಕೆಲಸ ಮಾಡುತ್ತಿದ್ದೇನೆ. ಅಣ್ಣತಮ್ಮಂದಿರು ಕುಡುಗೋಲು ಹಿಡಿದು ನಿಂತ ಬದುಗಳ ಮೇಲೆ ಟೇಪು ಹಿಡಿದು ನಡೆದಿದ್ದೇನೆ. ಅಂಥವನಿಗೆ ಒಂದು ಪಿಯಾನೊ ಆರಿಸುವುದು ಕಷ್ಟವೇ ಎಂದು ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ಯಾರೂ ಕೇಳಲಿಲ್ಲ. ನನ್ನ ಹೆಂಡತಿ ಗಿರಿಜಾಗೆ ಮಾತ್ರ ಮೊದಲ ದಿನವೇ ಅನುಮಾನ ಬಂದಿತ್ತು. ನಿಟ್ಟುಸಿರು ಬಿಟ್ಟಳು. ನಾನು ಅದನ್ನು ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ನಡೆಯದ್ದನ್ನು ನೆಂಟರು ಈಗಾಗಲೇ ಹೇಳಿ ಮುಗಿಸಿದ್ದಾರೆ.

ಗಿರಿಜಾಳ ತವರು ಬಿ.ದುರ್ಗ. ಅಲ್ಲಿ ರುದ್ರಪ್ಪ ಮೇಷ್ಟ್ರು ಎಂಬುವರಿದ್ದಾರೆ. ಹೊಳಲ್ಕೆರೆ, ಹೊಸದುರ್ಗದ ಕಡೆಯ ಹಳ್ಳಿ ನಾಟಕಗಳಿಗೆಲ್ಲ ಒಂದು ಕಾಲದಲ್ಲಿ ಅವರದೇ ಹಾರ್ಮೋನಿಯಂ. ಗಿರಿಜಾ ಹುಡುಗಿಯಾಗಿದ್ದಾಗ ಅವರ ಹತ್ತಿರ ಎರಡು ವರ್ಷ ಕಲಿತಳು. ಆಮೇಲೆ ನನ್ನನ್ನು ಮದುವೆಯಾದಳು. ಹೆಣ್ಣು ನೋಡಲು ಹೋದ ದಿನ ಆಕೆ, "ಮದುವೆ ಆದ ಮ್ಯಾಲೂ ಕಲೀಬೌದಾ?" ಎಂದು ಕೇಳಿದ್ದಳು. ನಾನು, "ನೋಡಾಣ" ಎಂದಿದ್ದೆ. ಇಪ್ಪತ್ತೆರಡು ವರ್ಷ ನೋಡಿದೆವು.

ಈ ವರ್ಷ ಊರಿನವರು ಮೇಷ್ಟ್ರಿಗೆ ಸನ್ಮಾನ ಇಟ್ಟುಕೊಂಡರು. ಮೇಷ್ಟ್ರಿಗೆ ಎಂಬತ್ತು ದಾಟಿದೆ, ಕೈ ನಡುಗುತ್ತದೆ, ಈಗ ನುಡಿಸುವುದಿಲ್ಲ. ಅವರು ತನಗೆ ಕಲಿಸಿದ ಮೊದಲ ಹಾಡನ್ನು ಅವತ್ತು ಅವರೆದುರೇ ನುಡಿಸಬೇಕೆಂದು ಗಿರಿಜಾ ಆಸೆಪಟ್ಟಳು. ಸನ್ಮಾನಕ್ಕೆ ಇನ್ನೂ ಮೂರು ತಿಂಗಳಿತ್ತು.

"ರೀ, ಒಂದು ಸಣ್ಣ ಕೀಬೋರ್ಡ್ ಸಾಕು. ದಿನಾ ಅರ್ಧ ಗಂಟೆ ಬೆರಳಾಡಿಸಿದ್ರೆ ಮೂರು ತಿಂಗಳಿಗೆ ಕೈ ಕೂರ್ತದೆ," ಎಂದಳು.

"ನೀನು ಸುಮ್ನಿರು. ನಾನು ನೋಡ್ತೀನಿ," ಎಂದೆ.

ಈ ಸಲವೂ ನೋಡುವುದು ನನ್ನ ಪಾಲಿಗೇ ಬಂತು.

ಚಿತ್ರದುರ್ಗದಲ್ಲಿ ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ನಡುಮನೆಯಲ್ಲಿ ಬೀರುವಿಗೂ ಟಿವಿ ಸ್ಟ್ಯಾಂಡಿಗೂ ನಡುವೆ ನೂರ ಹನ್ನೆರಡು ಸೆಂಟಿಮೀಟರ್ ಖಾಲಿ ಜಾಗವಿದೆ. ಎರಡು ಸಲ ಅಳೆದೆ. ಇಷ್ಟು ಜಾಗಕ್ಕೆ ಮಡಚುವ ಪಿಯಾನೊವೇ ಸರಿ, ಬಸ್ಸಿನಲ್ಲಿ ಬಿ.ದುರ್ಗಕ್ಕೆ ಒಯ್ಯಲೂ ಅನುಕೂಲ ಎಂದು ತೀರ್ಮಾನಿಸಿದೆ. ಹೊಸದಾಗಿ ಕಲಿಯುವವರಿಗೆಂದೇ ಅಂಥವು ಬಂದಿವೆ ಎಂದು ಫೋನು ಹೇಳಿತು. ಎಷ್ಟು ಬಂದಿವೆ ಎಂದು ನೋಡಿದೆ. ಅಲ್ಲಿಂದ ನನ್ನ ಅಧಃಪತನ ಶುರುವಾಯಿತು.

ಒಂದು ಪಟ್ಟಿ ಮಾಡಿದೆ. ಉದ್ದ, ಅಗಲ, ತೂಕ, ಮನೆಗಳ ಸಂಖ್ಯೆ, ಬ್ಯಾಟರಿ, ಬ್ಯಾಗಿನ ಬಣ್ಣ. (ಹಾರ್ಮೋನಿಯಂ ಭಾಷೆಯಲ್ಲಿ ಒತ್ತುವ ಪಟ್ಟಿಗಳಿಗೆ ಮನೆ ಎನ್ನುತ್ತಾರೆ. ಗಿರಿಜಾ ಹೇಳಿದ್ದು. ಅದೊಂದೇ ವಿಷಯವನ್ನು ನಾನು ಆಕೆಯಿಂದ ಕೇಳಿ ತಿಳಿದುಕೊಂಡೆ.) ಒಟ್ಟು ಹದಿನಾಲ್ಕು ಕಾಲಮ್ಮುಗಳಾದವು. ಕೊಂಡವರ ಅಭಿಪ್ರಾಯಗಳನ್ನೂ ಓದಿದೆ. ಒಬ್ಬರು ಐದು ನಕ್ಷತ್ರ ಕೊಟ್ಟು, 'ಇನ್ನೂ ಡಬ್ಬ ಬಿಚ್ಚಿಲ್ಲ, ಪ್ಯಾಕಿಂಗ್ ಚೆನ್ನಾಗಿದೆ' ಎಂದಿದ್ದರು. ಇನ್ನೊಬ್ಬರು ಒಂದೇ ನಕ್ಷತ್ರ ಕೊಟ್ಟು, 'ನನ್ನ ಮಗಳಿಗೆ ಸಂಗೀತದಲ್ಲಿ ಆಸಕ್ತಿ ಇಲ್ಲ' ಎಂದಿದ್ದರು. ಎರಡನ್ನೂ ಗಂಭೀರವಾಗಿ ಪರಿಗಣಿಸಿದೆ.

ಈ ನಡುವೆ ರುದ್ರಪ್ಪ ಮೇಷ್ಟ್ರೇ ಒಂದು ದಿನ ಫೋನ್ ಮಾಡಿದರು. ಗಿರಿಜಾ ಅಂಗಡಿಗೆ ಹೋಗಿದ್ದಳು, ನಾನು ತೆಗೆದುಕೊಂಡೆ.

"ಅಳಿಯಂದ್ರೇ, ಗಿರಿಜವ್ವ ನುಡಿಸ್ತಾಳಂತೆ, ಭಾಳ ಸಂತೋಷ ಆತು. ನನ್ ಕಾಲು ಹಾರ್ಮೋನಿಯಂ ಸುಮ್ನೆ ಕುಂತೈತೆ. ಬಂದು ತಗಂಡೋಗ್ರಿ. ಅಭ್ಯಾಸಕ್ಕಾಗ್ತೈತೆ."

"ಹಳೇದು ಯಾಕ್ ಬಿಡ್ರಿ ಮೇಷ್ಟ್ರೇ. ನಾವು ಮಡಚಿ ಬ್ಯಾಗಿಗೆ ಹಾಕ್ಕಳ್ಳೋ ಅಂಥದ್ದು ತಗಂತಿದೀವಿ."

"ಮಡಚೋದಾ?" ಎಂದರು ಮೇಷ್ಟ್ರು. ಇನ್ನೇನೋ ಹೇಳಲು ಹೊರಟರು. ನಾನು ನಮಸ್ಕಾರ ಹೇಳಿ ಇಟ್ಟುಬಿಟ್ಟೆ. ಗಿರಿಜಾಗೆ ಈ ಫೋನಿನ ವಿಷಯ ತಿಳಿಸಲಿಲ್ಲ. ಮುಚ್ಚಿಡಬೇಕು ಎಂದೇನಲ್ಲ. ಆ ಹೊತ್ತಿನಲ್ಲಿ ನಾನು ಹನ್ನೊಂದನೇ ಕಾಲಮ್ಮಿನಲ್ಲಿದ್ದೆ.

ಹರಿಯಬ್ಬೆಯಲ್ಲಿ ಒಂದು ಹೊಲದ ಅಳತೆ ಮುಗಿಸಿ ಬರುವಾಗ ಹಿರಿಯೂರಿನ ಒಂದು ವಾದ್ಯದ ಅಂಗಡಿಗೂ ಹೋದೆ. ಪಟ್ಟಿ ತೋರಿಸಿದೆ. ಅಂಗಡಿಯವನು ಅದನ್ನು ಮೇಲಿಂದ ಕೆಳಗೆ ನೋಡಿದ, ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನುಡಿಸೋರು ಯಾರು ಸಾರ್?"

"ನಮ್ಮನೆಯವ್ರು."

"ಹಂಗಾದ್ರೆ ಅಮ್ಮಾರ್ನ ಕರ್ಕಂಬರ್ರಿ. ಒಂದ್ಸಲ ಬೆರಳಿಟ್ಟು ನೋಡ್ಲಿ."

"ಬೆರಳ್ ಯಾಕ್ರಿ? ಅಳತೆ ಹೇಳ್ರಿ ಸಾಕು."

ಅವನು ಒಂದು ತಂಬೂರಿಯ ಧೂಳು ಒರೆಸತೊಡಗಿದ. ವ್ಯಾಪಾರ ಗೊತ್ತಿಲ್ಲದ ಮನುಷ್ಯ ಎಂದುಕೊಂಡು ಹೊರಬಂದೆ.

ಕೊನೆಗೆ ಎಂಬತ್ತೆಂಟು ಮನೆಗಳ ಪಿಯಾನೊವನ್ನು ಆರಿಸಿದೆ. ಗಿರಿಜಾಳ ಹಾಡಿಗೆ ಬೇಕಾಗಿದ್ದುದು ಹದಿನೈದೋ ಹದಿನಾರೋ. ಆದರೆ ಮನೆ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೆ? ಆಸ್ತಿ ವಿಷಯದಲ್ಲಿ ನನ್ನ ಅನುಭವ ಹಾಗಿದೆ. ಡಬ್ಬ ನಮ್ಮ ಮನೆಗೆ ಬಂದ ದಿನ ಸನ್ಮಾನಕ್ಕೆ ಒಂಬತ್ತು ದಿನ ಉಳಿದಿತ್ತು.

ಕೆಳಗಿನ ಮನೆಯ ತಿಪ್ಪಮ್ಮನವರು ಮೆಟ್ಟಿಲ ಬುಡದಲ್ಲೇ ತಡೆದರು.

"ಏನ್ ಬಂತ್ರಿ ಸರ್ವೆಯರ್ರೇ?"

"ಪಿಯಾನೊ. ಮಡಚೋದು."

"ಫ್ಯಾನಾ? ಮಡಚೋ ಫ್ಯಾನೂ ಬಂದೈತಾ? ಈ ಊರ್ ಗಾಳಿಗೆ ಒಣಗಾಕಿದ್ ಸೀರೆ ನಿಲ್ಲಲ್ಲ, ನಿಮಗೆ ಫ್ಯಾನ್ ಬೇರೆ ಬೇಕಾತಾ?"

ಸಂಜೆ ನೋಡಲು ಬಂದರು. ನಾನು ಪಿಯಾನೊವನ್ನು ಪುಸ್ತಕದ ಹಾಗೆ ಬಿಚ್ಚಿ ನೆಲದ ಮೇಲಿಟ್ಟೆ. ತಿಪ್ಪಮ್ಮನವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ರೆಕ್ಕೆ ಎಲ್ಲವೆ?" ಎಂದು ಕೇಳಿದರು.

ಆಗಲೇ ನನಗೆ ಇನ್ನೊಂದು ಸಂಗತಿ ಕಂಡಿತು. ಟೇಪು ಹಿಡಿದೆ. ನೂರ ಮೂವತ್ತು ಸೆಂಟಿಮೀಟರ್. ಬೀರುವಿಗೂ ಟಿವಿಗೂ ನಡುವೆ ಇರುವುದು ನೂರ ಹನ್ನೆರಡು. ಪಟ್ಟಿ ತೆಗೆದು ನೋಡಿದೆ. ಪ್ರತಿಯೊಂದು ಪಿಯಾನೊಗೂ ನಾನು ಬರೆದುಕೊಂಡಿದ್ದದ್ದು ಮಡಚಿದಾಗಿನ ಉದ್ದವನ್ನು. ಮಡಚಿದ ಪಿಯಾನೊವನ್ನು ನುಡಿಸಲು ಬರುವುದಿಲ್ಲ ಎಂಬ ಅಂಶಕ್ಕೆ ಕಾಲಮ್ಮು ಇರಲಿಲ್ಲ.

"ಈಗೇನ್ರಿ?" ಎಂದಳು ಗಿರಿಜಾ.

ನಡುಮನೆಯಿಂದ ಅಡುಗೆಮನೆಗೆ ಹೋಗುವ ಬಾಗಿಲಲ್ಲಿ ಉದ್ದಕ್ಕೆ ಇಟ್ಟೆವು. ಅರ್ಧ ಈಚೆ, ಅರ್ಧ ಆಚೆ, ಮಡಿಕೆಯ ಕೀಲು ಸರಿಯಾಗಿ ಹೊಸ್ತಿಲ ಮೇಲೆ. ಗಿರಿಜಾ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಕುಂತು ಬೆರಳಿಟ್ಟಳು. ಸ, ರಿ, ಗ ನುಡಿಸಿದಳು. ಆಮೇಲೆ ನಿಂತಳು. ಕೀಲು ಇದ್ದದ್ದು ಗ ಮತ್ತು ಮ ನಡುವೆ.

"ನನ್ ಹಾಡ್ ಪೂರ್ತಿ ಗ-ಮ, ಗ-ಮ ಅಂತಾನೇ ಓಡಾಡ್ತೈತೆ," ಎಂದಳು ಮೆಲ್ಲಗೆ. "ಗ ನಡುಮನೇಲಿ, ಮ ಅಡುಗೆಮನೇಲಿ. ನಾನೇನು ಹಾಡು ನುಡಿಸ್ಲೋ, ಮನೆ ಸುತ್ತಲೋ?"

ಆಕೆಗೆ ನೆರವಾಗಬೇಕೆಂದು ನನಗೆ ನಿಜವಾಗಿ ಅನಿಸಿತು. ಅನರ್ಥಗಳೆಲ್ಲ ಹೀಗೆಯೇ ಆರಂಭವಾಗುತ್ತವೆ. ಮಾರನೆಯ ದಿನ ಆಕೆ ಸ್ನಾನಕ್ಕೆ ಹೋದಾಗ ಪಿಯಾನೊವನ್ನು ಅಧಿಕೃತವಾಗಿ ಸರ್ವೆ ಮಾಡಿದೆ. ಬಿಳಿ ಮನೆ ಐವತ್ತೆರಡು, ಒಂದರಿಂದ ಐವತ್ತೆರಡರವರೆಗೆ ಸರ್ವೆ ನಂಬರು ಕೊಟ್ಟೆ. ಕಪ್ಪು ಮನೆ ಮೂವತ್ತಾರು, ಅವು ಬಿಳಿಯ ಜಾಗವನ್ನೇ ಒತ್ತುವರಿ ಮಾಡಿಕೊಂಡಂತೆ ಕಂಡದ್ದರಿಂದ ಹಿಸ್ಸಾ ನಂಬರು, ಅಂದರೆ ಪಾಲಿನ ನಂಬರು, ಕೊಟ್ಟೆ. ಚೀಟಿ ಬರೆದು ಗೋಂದು ಹಚ್ಚಿ ಅಂಟಿಸಿದೆ.

ಗಿರಿಜಾ ತಲೆ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಇದೇನ್ರಿ?"

"ನಿನ್ನ ಸ ಬಂದು ಇಪ್ಪತ್ನಾಲ್ಕನೇ ನಂಬರು. ರಿ ಇಪ್ಪತ್ತೈದು, ಗ ಇಪ್ಪತ್ತಾರು. ಬದು ದಾಟಿದ ಕೂಡ್ಲೇ ಮ, ಇಪ್ಪತ್ತೇಳು. ಇನ್ನು ತಪ್ಪೋ ಮಾತೇ ಇಲ್ಲ."

"ಪಹಣಿ ಯಾವಾಗ ಕೊಡ್ತೀರಿ?"

ಚೀಟಿಗಳನ್ನು ಕಿತ್ತೆ. ಗೋಂದು ಕೀಳಲು ಬರಲಿಲ್ಲ. ಮೂವತ್ತೊಂದು ಮತ್ತು ಮೂವತ್ತೆರಡನೇ ನಂಬರುಗಳು ಅಂಟಿಕೊಂಡು ಒಂದನ್ನು ಒತ್ತಿದರೆ ಎರಡೂ ಕೂಗತೊಡಗಿದವು. ಅಂದರೆ ಗಿರಿಜಾಳ ಮೇಲಿನ ಸ ಹೋಯಿತು. ಒದ್ದೆ ಬಟ್ಟೆ, ಹೇರ್‌ಪಿನ್ನುಗಳೊಂದಿಗೆ ಎರಡು ದಿನ ಕಳೆದ ಮೇಲೆ ಅವು ಬೇರೆಯಾದವು. ಅಣ್ಣತಮ್ಮಂದಿರ ಪಾಲು ಇದಕ್ಕಿಂತ ಸಲೀಸು. ಆಕೆಗೆ ಅಭ್ಯಾಸಕ್ಕೆ ಆರು ದಿನ ಸಿಕ್ಕಿತು. ಆ ಆರು ದಿನ ನಾವು ಹೊಸ್ತಿಲು ದಾಟಲಾಗದೆ ಮಧ್ಯಾಹ್ನ ಹೋಟೆಲಿನಲ್ಲಿ ಉಂಡೆವು. ಆದರೂ ಕೊನೆಯ ದಿನದ ಹೊತ್ತಿಗೆ ಹಾಡು ಹಾಡಿನಂತೆ ಕೇಳಿತು. ತಿಪ್ಪಮ್ಮನವರು ಕೆಳಗಿನಿಂದಲೇ, "ಫ್ಯಾನ್ ಚೆನ್ನಾಗೈತೆ ಗಿರಿಜಮ್ಮ" ಎಂದು ಕೂಗಿ ಹೇಳಿದರು. ಗಿರಿಜಾ ಎಷ್ಟೋ ದಿನದ ಮೇಲೆ ನಕ್ಕಳು.

ಸನ್ಮಾನ ಬಿ.ದುರ್ಗದ ಶಾಲೆಯಲ್ಲಿ, ಹಗಲು ಹನ್ನೊಂದಕ್ಕೆ. ವೇದಿಕೆಯ ಮೇಲೆ ಮೇಷ್ಟ್ರು ಶಾಲು ಹೊದ್ದು ಕುಂತಿದ್ದರು. ಪಕ್ಕದಲ್ಲಿ ಒಂದು ಹಳೆಯ ಮರದ ಪೆಟ್ಟಿಗೆ, ಅದಕ್ಕೂ ಒಂದು ಹಾರ ಹಾಕಿದ್ದರು. ನಾನು ಪಿಯಾನೊ ತೆಗೆದು, ಖಾಲಿ ಬ್ಯಾಗನ್ನು ಆ ಪೆಟ್ಟಿಗೆಯ ಮೇಲೆ ಇಟ್ಟೆ. ಮೇಷ್ಟ್ರು ಬ್ಯಾಗನ್ನೂ ನನ್ನನ್ನೂ ನೋಡಿದರು.

"ನಾನೇ ಇಟ್ಕಳ್ತೀನಿ. ನೀವು ಕೆಳಗೆ ಹೋಗಿ ಕುಂತ್ಕಳ್ರಿ," ಎಂದಳು ಗಿರಿಜಾ.

ಆ ಮಾತು ಕೇಳಬೇಕಾಗಿತ್ತು. ನಾನು ಜೇಬಿನಿಂದ ಟೇಪು ತೆಗೆದೆ.

ಶಾಲೆಯವರು ಎರಡು ಮೇಜು ಜೋಡಿಸಿ ಮೇಲೊಂದು ಬಟ್ಟೆ ಹಾಸಿದ್ದರು. ಪಿಯಾನೊಗೆ ಎರಡು ಹೋಳು, ಮೇಜೂ ಎರಡು. ಆದ್ದರಿಂದ ಅಳೆದು, ಕೀಲು ಸರಿಯಾಗಿ ಎರಡು ಮೇಜುಗಳ ಸಂದಿಯ ಮೇಲೆ ಬರುವಂತೆ ಇಟ್ಟೆ. ಒಂದು ಮಿಲಿಮೀಟರ್ ಆ ಕಡೆ ಈ ಕಡೆ ಇಲ್ಲ. ಇಡೀ ವೃತ್ತಿಜೀವನದಲ್ಲಿ ಅಷ್ಟು ನಿಖರವಾಗಿ ನಾನು ಏನನ್ನೂ ಇಟ್ಟದ್ದಿಲ್ಲ. ಒಂದು ಗೇಣು ತಪ್ಪಿ ಇಟ್ಟಿದ್ದರೆ ಎಲ್ಲರೂ ಬಚಾವಾಗುತ್ತಿದ್ದೆವು.

ಗಿರಿಜಾ ಆರಂಭಿಸಿದಳು. ಮೊದಲ ಸಾಲು ಚೆನ್ನಾಗಿ ಬಂತು. ಮೇಷ್ಟ್ರು ಕಣ್ಣು ಮುಚ್ಚಿದರು. ಎರಡನೇ ಸಾಲಿಗೆ ಗ-ಮ, ಗ-ಮ ಬಂತು. ಪ್ರತಿ ಸಲ ಬದು ದಾಟಿದಾಗಲೂ ಮೇಜುಗಳು ಕೂದಲೆಳೆಯಷ್ಟು ದೂರ ಸರಿದವು, ಕೀಲು ಅಷ್ಟೇ ತಗ್ಗಿತು. ಬಲಗಡೆಯ ಮೇಜು ಹಿಡಿದು ನಾನು ನಿಂತಿದ್ದೆ.

"ರೀ, ಸರಿಸ್ರಿ," ಎಂದಳು ಗಿರಿಜಾ ತುಟಿ ಅಲ್ಲಾಡಿಸದೆ.

ಯಾವ ಕಡೆಗೆ ಎಂದು ಆಕೆ ಹೇಳಲಿಲ್ಲ. ಕೇಳುವ ಅಭ್ಯಾಸ ನನಗಿಲ್ಲ. ನನ್ನ ಕಡೆಗೆ ಎಳೆದೆ.

ಪಿಯಾನೊ ಪುಸ್ತಕದ ಹಾಗೆ ಮುಚ್ಚಿಕೊಂಡು ಸಂದಿಯೊಳಗೆ ಇಳಿಯಿತು. ಗಿರಿಜಾ ಕೈ ಎಳೆದುಕೊಂಡಳು. ಹತ್ತೂ ಬೆರಳು ಕ್ಷೇಮ, ಎಣಿಸಿದ್ದೇನೆ. ಮಡಚಿದರೆ ತಾನೇ ಆಫ್ ಆಗುತ್ತದೆ ಎಂದು ಡಬ್ಬದ ಮೇಲೆ ಬರೆದಿದ್ದರು. ಬರೆದಿದ್ದರು. ಯಾವುದೋ ಗುಂಡಿ ಅದುಮಿಕೊಂಡು ಒಳಗಿನಿಂದ ಡ್ರಮ್ಮು ಸಮೇತ ಒಂದು ಡಿಸ್ಕೊ ಶುರುವಾಯಿತು. ನಾನು ಮೇಜಿನ ಕೆಳಗೆ ತೂರಿ, ಬಟ್ಟೆಯೊಳಗೆ ಸಿಕ್ಕಿಕೊಂಡು ಗುಂಡಿ ಹುಡುಕಿದೆ. ಸಿಕ್ಕಿದ ಗುಂಡಿ ಒತ್ತಿದರೆ ತಾಳ ಜೋರಾಯಿತು. ಊರಿನವರು ಇದೂ ಕಾರ್ಯಕ್ರಮದ ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಬ್ಯಾಟರಿ ಕಿತ್ತು ಹೊರಬಂದಾಗ ಮೇಷ್ಟ್ರು ಕೇಳಿದರು, "ಏನಪ್ಪ ಅಳಿಯಂದ್ರೇ, ಅದು ತಾನಾಗೇ ಮುಚ್ಕಳ್ತೈತಾ? ನಮ್ ಕಾಲದಾಗೆ ನಾಟಕ ಮುಗಿದ್ ಮ್ಯಾಲೆ ಮುಚ್ತಿದ್ವಿ."

ಗಿರಿಜಾ ತಲೆ ತಗ್ಗಿಸಿ ಕುಂತಿದ್ದಳು. ಇಪ್ಪತ್ತೆರಡು ವರ್ಷ ಕಾದು ಆಕೆ ನುಡಿಸಿದ್ದು ಒಂದೂವರೆ ಸಾಲು.

"ಅವ್ವಾ, ಮಕ ಯಾಕ್ ಸಣ್ಣ ಮಾಡ್ಕಂಡೀಯ?" ಎಂದರು ಮೇಷ್ಟ್ರು. "ಆ ಬ್ಯಾಗ್ ತೆಗೆದು ಪೆಟ್ಟಿಗೆ ಬಿಚ್ರಿ."

ಇಬ್ಬರು ಬಂದು ಪೆಟ್ಟಿಗೆಯ ಕೊಂಡಿ ಬಿಚ್ಚಿದರು. ಮುಚ್ಚಳ ಮೇಲೆದ್ದಿತು. ಅಡಿಯಿಂದ ಕಾಲುಗಳು ಬಂದವು, ತುಳಿಯುವ ಎರಡು ಹಲಗೆ ಬಂದವು, ಮೇಲೆ ಸವೆದ ಕರಿಬಿಳಿ ಮನೆಗಳು. ನೋಡನೋಡುತ್ತ ಅದು ಹಾರ್ಮೋನಿಯಂ ಆಗಿ ನಿಂತಿತು.

"ಊರೂರಿಗೆ ಬಸ್ಸಿನ ಮ್ಯಾಲೆ ಹೊತ್ಕಂಡು ತಿರುಗಿದ್ದು. ಇದೂ ಮಡಚೋದೇ ಕಣಪ್ಪ," ಎಂದರು ಮೇಷ್ಟ್ರು ನನ್ನ ಕಡೆ ತಿರುಗಿ. "ಅವತ್ತು ಫೋನಿನಾಗೆ ಅದನ್ನೇ ಹೇಳಣ ಅಂತಿದ್ದೆ. ನೀವು ಇಟ್ಬಿಟ್ರಿ."

ಗಿರಿಜಾ ನಿಧಾನವಾಗಿ ನನ್ನನ್ನು ನೋಡಿದಳು.

"ಯಾವ ಫೋನು?"

ಕೊಡಲಿ, ಕುಡುಗೋಲುಗಳ ನಡುವೆ ನಿಂತಾಗಲೂ ನಾನು ಹೀಗೆ ಓಡುವ ದಾರಿ ಅಳೆದಿದ್ದಿಲ್ಲ. ಇಡೀ ಊರು ಉತ್ತರಕ್ಕೆ ಕಾಯುತ್ತಿತ್ತು. ಮೇಷ್ಟ್ರೇ ನನ್ನನ್ನು ಉಳಿಸಿದರು. "ಆಮ್ಯಾಲೆ ಬಯ್ಯುವಂತಿ. ಈಗ ತುಳಿ," ಎಂದರು.

ಗಿರಿಜಾ ಕುಂತು ಹಲಗೆ ತುಳಿದಳು, ಉಸಿರು ತುಂಬಿತು, ಹಾಡು ಮೊದಲಿನಿಂದ ಬಂತು. ಗ ಮತ್ತು ಮ ಅಕ್ಕಪಕ್ಕದಲ್ಲಿದ್ದವು, ನಡುವೆ ಏನೂ ಇರಲಿಲ್ಲ. ಕುರ್ಚಿಯ ಕೈ ಮೇಲೆ ಮೇಷ್ಟ್ರ ಬೆರಳುಗಳೂ ಆಡುತ್ತಿದ್ದವು; ಅದು ನಡುಕವಲ್ಲ ಎಂದು ನಾನು ಹೇಳಬಲ್ಲೆ, ತಾಳಕ್ಕೆ ಸರಿಯಾಗಿತ್ತು. ಮುಗಿದ ಮೇಲೆ ಅವರು, "ಎರಡ್ನೇ ಸಾಲಿನಾಗೆ ಅವಸರ ಮಾಡ್ದೆ ಕಣವ್ವ. ಆಗ್ಲೂ ಅಲ್ಲೇ ಅವಸರ ಮಾಡ್ತಿದ್ದೆ," ಎಂದರು. ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಾರ್ಮೋನಿಯಂ ಈಗ ನಮ್ಮ ಮನೆಯಲ್ಲಿದೆ. ಮೇಷ್ಟ್ರು ಬಸ್ಸಿಗೆ ಹಾಕಿಸಿಯೇ ಕಳಿಸಿದರು. ಬೀರುವಿಗೂ ಟಿವಿಗೂ ನಡುವಿನ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಬಿಚ್ಚಿದಾಗಲೂ. ಫೋನಿನ ವಿಷಯಕ್ಕೆ ಗಿರಿಜಾ ನಾಲ್ಕು ದಿನ ಮಾತು ಬಿಟ್ಟಳು. ಐದನೇ ದಿನ ಮಾತಾಡಿದಳು. ನಾಲ್ಕು ದಿನವೇ ಚೆನ್ನಾಗಿತ್ತು.

ಹೋದ ವಾರ ತಿಪ್ಪಮ್ಮನವರು ಕಾಗದ, ಪೆನ್ನು ಹಿಡಿದು ಮೇಲೆ ಬಂದರು. ಅವರ ಮೊಮ್ಮಗಳೂ ಕಲಿಯಬೇಕಂತೆ. ಯಾವ ಪಿಯಾನೊ ತೆಗೆದುಕೊಂಡರೆ ಒಳ್ಳೆಯದು ಎಂದು ಗಿರಿಜಾಳನ್ನು ಕೇಳಿದರು.

"ನಮ್ಮನೆಯವ್ರನ್ನ ಕೇಳ್ರಿ," ಎಂದಳು ಗಿರಿಜಾ. "ಭಾಳ ಅಭ್ಯಾಸ ಮಾಡ್ಯಾರೆ."

ನನಗೆ ಎದೆ ಉಬ್ಬಿತು. ಪಟ್ಟಿ ತೆಗೆದು, ಹದಿನಾಲ್ಕೂ ಕಾಲಮ್ಮು ವಿವರಿಸಿ, ಕೊನೆಗೆ ಒಂದು ಹೆಸರು ಹೇಳಿದೆ. ತಿಪ್ಪಮ್ಮನವರು ಅದನ್ನು ಅಕ್ಷರ ಕೂಡಿಸಿ ಕೂಡಿಸಿ ಬರೆದುಕೊಂಡರು. ಆಮೇಲೆ ಅದರ ಮೇಲೆ ಒಂದು ಅಡ್ಡಗೆರೆ ಎಳೆದರು.

"ಇದೊಂದ್ ಬಿಟ್ಟು ಬ್ಯಾರೆ ಯಾವ್ದಾದ್ರೂ ತಗಳಾಣ," ಎಂದು ಎದ್ದರು.